ಡ್ರೈಯರ್ ನಾಣ್ಯಕ್ಕೆ ಅರವತ್ತಾರು

ನಮ್ಮ ಲಾಂಡ್ರಿಯ ಇಸ್ತ್ರಿ ಕೋಣೆ, ಕಿಟಕಿ ಪಕ್ಕದ ಉದ್ದ ಮೇಜು
ಶುಕ್ರವಾರ, ಸಂಜೆ

ಪ್ರೀತಿಯ ಚಿಕ್ಕಪ್ಪಾ,

ಮೊಣಕಾಲು ಹೇಗಿದೆ? ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತೋ, ಇಲ್ಲ ಮಗು ಎತ್ತಿಕೊಂಡವರಿಗೆ ಸೀಟು ಬಿಟ್ಟುಕೊಟ್ಟು ಎಂದಿನಂತೆ ನಿಂತೇ ಹೋದೆಯೋ? ಕಿವಿಗೆ ಹಾಕುವ ಔಷಧಿಯನ್ನು ಕನ್ನಡಿಯ ಹಿಂದೆಯೇ ಬಿಟ್ಟು ಹೋಗಿದ್ದೀಯ. ಚಿಕ್ಕಮ್ಮ ಅದನ್ನು ಈ ಗಂಟಿನಲ್ಲಿಟ್ಟಿದ್ದಾಳೆ. ಜೊತೆಗೆ ನಾಲ್ಕು ಬೈಗುಳವನ್ನೂ ಕಟ್ಟಿ ಕಳಿಸು ಅಂದಳು. ಅವು ಇಟ್ಟರೆ ಹಳಸುವ ಸಾಮಾನಲ್ಲವಾದ್ದರಿಂದ ನೀನು ವಾಪಸ್ ಬಂದ ಮೇಲೆ ನೇರವಾಗಿ ತೆಗೆದುಕೊಳ್ಳಬಹುದು. ಅಕ್ಕ ಹೇಗಿದ್ದಾಳೆ, ಭಾವ ಹೇಗಿದ್ದಾರೆ, ಮಗುವಿಗೆ ಹಲ್ಲು ಬಂತಾ? ಮಗಳ ಮನೆಗೆ ಹೋದವನು ಕೈಕಟ್ಟಿ ಕೂತಿರುತ್ತೀಯ ಅಂತ ಇಲ್ಲಿ ನಮಗಿಬ್ಬರಿಗೂ ನಂಬಿಕೆಯಿಲ್ಲ. ಇಷ್ಟು ಹೊತ್ತಿಗೆ ಅವರ ಬಟ್ಟೆ ಯಂತ್ರದ ಬೆನ್ನು ಬಿಚ್ಚಿ, ಸ್ಕ್ರೂಗಳನ್ನು ಮಗುವಿನ ಬಟ್ಟಲಿನಲ್ಲಿ ಹಾಕಿಟ್ಟು, ಅಕ್ಕನ ಕೈಲಿ ಉಗಿಸಿಕೊಂಡಿರುತ್ತೀಯ.

ನಾವೆಲ್ಲ ಇಲ್ಲಿ ಕ್ಷೇಮ ಅಂತ ಬರೆಯುವುದು ಪದ್ಧತಿ. ಹಾಗೆಯೇ ಬರೆಯುತ್ತೇನೆ. ಚಿಕ್ಕಮ್ಮ ಕ್ಷೇಮ. ದೊಡ್ಡ ಡ್ರೈಯರ್ ಕ್ಷೇಮ, ಬೆಲ್ಟು ಮಾತ್ರ ಬಿಸಿಯಾದಾಗ ಕುಂಯ್ ಅನ್ನುತ್ತದೆ. ಲಾಡ್ಜಿನವರ ಚಾದರಗಳು ಹೊತ್ತಿಗೆ ಸರಿಯಾಗಿ ಹೋದವು, ಒಂದರ ಮೇಲೆ ಕಾಫಿ ಕಲೆ ಉಳಿಯಿತು ಅಂತ ಅವರು ಮುಖ ಸೊಟ್ಟ ಮಾಡಿದರು, ಚಿಕ್ಕಮ್ಮ ಇನ್ನೂ ಸೊಟ್ಟ ಮಾಡಿದಳು, ಲೆಕ್ಕ ಚುಕ್ತಾ ಆಯಿತು. ನಾನು ಮಾತ್ರ ಕ್ಷೇಮವಿಲ್ಲ. ಗಾಬರಿಯಾಗಬೇಡ, ಜ್ವರ ಗಿರ ಏನೂ ಇಲ್ಲ. ತಟ್ಟೆ ಮುಂದೆ ಕೂತರೆ ಅನ್ನ ಸೇರುತ್ತಿಲ್ಲ, ಅಷ್ಟೆ. ನಿನ್ನೆಯಿಂದ ಒಂದು ಚೇಷ್ಟೆಯನ್ನೂ ಮಾಡಿಲ್ಲ. ಚಿಕ್ಕಮ್ಮ ಎರಡು ಸಲ ಹಣೆ ಮುಟ್ಟಿ ನೋಡಿದಳು.

ಈ ಪತ್ರವನ್ನು ನಿನ್ನ ಭಾನುವಾರದ ಅಂಗಿಯ ಜೇಬಿನಲ್ಲಿಟ್ಟು, ಬೆಳಿಗ್ಗೆ ಅಕ್ಕನ ಊರಿನ ಕಡೆಗೆ ಚಾದರ ಒಯ್ಯುವ ವ್ಯಾನಿನವನ ಕೈಲಿ ಕಳಿಸುತ್ತಿದ್ದೇನೆ. ಯಾವ ಬಟ್ಟೆ ಕೈಗೆ ಬಂದರೂ ಮೊದಲು ಜೇಬು ತಡಕುವ ಮನುಷ್ಯ ನೀನು. ಮದುವೆ ದಿನ ಹೊಸ ಕೋಟಿನ ಜೇಬನ್ನೂ ತಡಕಿ ದರ್ಜಿಯ ಸೀಮೆಸುಣ್ಣ ಹೊರತೆಗೆದಿದ್ದೆಯಂತೆ. ಆದ್ದರಿಂದ ಇದು ನಿನಗೆ ಸಿಗದೆ ಹೋಗುವ ಪ್ರಶ್ನೆಯಿಲ್ಲ. ಫೋನಿನಲ್ಲೇ ಹೇಳಬಹುದಿತ್ತು ಅನ್ನುತ್ತೀಯ. ಹೇಳಲು ನೋಡಿದೆ. ನಿನ್ನೆ ಅಕ್ಕ ಫೋನನ್ನು ನಿನ್ನ ಕಿವಿಗೆ ಹಿಡಿದಳು, ಅಷ್ಟು ವರ್ಷ ಡ್ರೈಯರಿನ ಸದ್ದು ಕುಡಿದು ಕೂತಿರುವ ಆ ಕಿವಿಗೆ. ನಾನು ಬಾಯಿ ತೆರೆಯುವ ಮೊದಲೇ ನೀನು ಅಕ್ಕನ ಊರಿನಲ್ಲಿ ಭಾನುವಾರ ನಡೆಯುವ ನಾಣ್ಯ ಸಂಗ್ರಹದ ಸಂಘದ ಸಭೆಯ ಬಗ್ಗೆ, ಅಲ್ಲಿ ನಿನ್ನ ಮೇಜು ಬಾಗಿಲ ಹತ್ತಿರವೇ ಸಿಕ್ಕಿರುವ ಬಗ್ಗೆ, ಮೇಜಿಗೆ ಹಾಸಲು ಅಕ್ಕನ ನೀಲಿ ಬಟ್ಟೆ ತೆಗೆದುಕೊಂಡಿರುವ ಬಗ್ಗೆ ಹೇಳಿ, "ಆಯ್ತು, ಇಡ್ತೀನಿ, ಚೆನ್ನಾಗಿರು" ಅಂದು ಇಟ್ಟುಬಿಟ್ಟೆ. ನೀನು ಅಷ್ಟು ಖುಷಿಯಲ್ಲಿದ್ದೆ. ಅಕ್ಕನಿಗೆ ಹೇಳಿ ನಿನಗೆ ಹೇಳಿಸಬಹುದಿತ್ತು. ಆದರೆ ಇದು ಇನ್ನೊಬ್ಬರ ಬಾಯಿಂದ ನಿನ್ನ ಕಿವಿಗೆ ಬೀಳಬಾರದ ಮಾತು.

ಈಗ ನಾನು ಇಸ್ತ್ರಿ ಮೇಜಿನ ಮೇಲೆ ಹತ್ತಿ ನಿಂತು, ಗಂಟಲು ಸರಿಮಾಡಿಕೊಂಡು, ದೋಷಾರೋಪಣೆ ಓದುತ್ತಿದ್ದೇನೆ ಅಂದುಕೋ. ಆರೋಪಿ: ಮನೆಯವರಿಂದ ಕಪಿ ಎಂದು ಕರೆಯಲ್ಪಡುವ, ನಾಣ್ಯ ಪರೀಕ್ಷೆಯ ಆಫೀಸಿನಲ್ಲಿ ಲೇಬಲ್ ಮುದ್ರಿಸುವ ಮತ್ತು ಡಬ್ಬಿ ಮುಚ್ಚುವ ಹುದ್ದೆಯಲ್ಲಿರುವ, ಬಾಲವೊಂದನ್ನು ಬಿಟ್ಟು ಉಳಿದೆಲ್ಲ ಲಕ್ಷಣಗಳಿರುವ ಯುವತಿ. ಆರೋಪ: ಯಾವ ಪರೀಕ್ಷಕರೂ ಕೊಡದ ದರ್ಜೆಯನ್ನು ತಾನೇ ಅಚ್ಚು ಹಾಕಿ, ಸ್ವಂತ ಚಿಕ್ಕಪ್ಪನ ನಾಣ್ಯದ ಜೊತೆ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ, ಅಸಲಿ ಎಂಬಂತೆ ಕೈಗೆ ಕೊಟ್ಟಿದ್ದು. ಆರೋಪಿಯ ಹೇಳಿಕೆ: ಹೌದು.

ಓದಿದ್ದಾಯಿತು, ಮೇಜಿನಿಂದ ಇಳಿದೆ. ಇನ್ನು ನೇರವಾಗಿ ಹೇಳುತ್ತೇನೆ, ಚಿಕ್ಕಪ್ಪಾ. ನೀನು ಜೋಪಾನವಾಗಿ ಕರವಸ್ತ್ರದಲ್ಲಿ ಸುತ್ತಿ ಒಯ್ದಿರುವ ಆ ನಾಣ್ಯ ಟಂಕಸಾಲೆಯ ತಪ್ಪಿನಿಂದ ಹಾಗಾದದ್ದಲ್ಲ. ನಮ್ಮ ದೊಡ್ಡ ಡ್ರೈಯರಿನಲ್ಲಿ ಸಿಕ್ಕಿಕೊಂಡು ಹಾಗಾದದ್ದು. ನೀನು ಮೊದಲಿಂದ ಹೇಳುತ್ತಿದ್ದದ್ದೇ ಸರಿ. ಲೇಬಲ್ಲಿನ ಮೇಲಿರುವ "ಟಂಕಸಾಲೆಯ ಅಪರೂಪದ ದೋಷ, ದರ್ಜೆ ಅರವತ್ತಾರು" ಅನ್ನುವುದು, ಅದೂ ಎಪ್ಪತ್ತಕ್ಕೆ ಅರವತ್ತಾರು, ನನ್ನ ತಮಾಷೆ.

ತಮಾಷೆ ಹೇಗೆ ಹುಟ್ಟಿತು ಅಂತ ಹೇಳಲೇಬೇಕು. ನಮ್ಮ ಆಫೀಸಿನಲ್ಲಿ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಡಬ್ಬಿ ಮುಚ್ಚುವ ಯಂತ್ರವನ್ನು ಒಂದು ಸಲ ಓಡಿಸಿ ನೋಡಬೇಕು. ಒಳಗೆ ಏನಾದರೂ ಇಡಬೇಕಲ್ಲ, ಅದಕ್ಕೆ ಒಂದು ತಗಡಿನ ಬಿಲ್ಲೆಯಿದೆ. ಲೇಬಲ್ಲಿನಲ್ಲಿ ನೋಂದಣಿ ನಂಬರ್ ಬರುವ ಕಡೆ ಬರೀ ಸೊನ್ನೆಗಳು. ಮುಚ್ಚಿದ್ದು ಸರಿಯಾಗಿದೆಯೋ ನೋಡಿ, ಒಡೆದು, ಬುಟ್ಟಿಗೆ ಹಾಕಬೇಕು. ನನ್ನಂಥವಳ ಕೈಗೆ ಇಂಥ ಅಧಿಕಾರ ಕೊಟ್ಟರೆ ಏನಾಗುತ್ತದೆ ಅಂತ ಆಫೀಸಿನವರು ಯೋಚಿಸಬೇಕಿತ್ತು. ಬಿಲ್ಲೆಯ ಬದಲು ಅಂಗಿ ಗುಂಡಿ ಇಟ್ಟೆ: "ಗುಂಡಿ, ನಾಲ್ಕು ತೂತು, ಮೂಲ ಹೊಳಪು, ದಾರದ ಕಲೆಯಿಲ್ಲ, ಅರವತ್ತೆಂಟು." ಲೆಕ್ಕದ ವಿಭಾಗದವರ ಕಳಚಿಬಿದ್ದ ಹಲ್ಲಿನ ಸಿಮೆಂಟು ಇಟ್ಟೆ: "ಅಪೂರ್ವ, ಮಾಲೀಕರು ಒಬ್ಬರೇ." ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಆಮೇಲೆ ನಾನು ಒಡೆದು ಹಾಕುತ್ತಿದ್ದೆ. ನಿನ್ನ ನಾಣ್ಯವನ್ನು ಮುಚ್ಚಿದ್ದೂ ಅಂಥದೇ ಒಂದು ಬೆಳಿಗ್ಗೆ. ಅದೊಂದನ್ನು ಮಾತ್ರ ಒಡೆಯಲಿಲ್ಲ.

ಅದಕ್ಕೆ ಮೊದಲು ಅದನ್ನು ಸರಿಯಾದ ದಾರಿಯಲ್ಲೇ ಒಯ್ದಿದ್ದೆ, ಆ ಮಟ್ಟಿಗೆ ನಂಬು. ನಮ್ಮ ದೊಡ್ಡ ಪರೀಕ್ಷಕರಿದ್ದಾರಲ್ಲ, ಭೂತಗನ್ನಡಿ ಸಾರ್, ಅವರಿಗೆ ಚಹಾ ಹೊತ್ತಿನಲ್ಲಿ ತೋರಿಸಿದೆ. ಅವರು ಕಣ್ಣಿಗೆ ಗಾಜು ಕೂಡ ಏರಿಸಲಿಲ್ಲ. "ಡ್ರೈಯರ್ ನಾಣ್ಯ. ಅಂಚು ನೋಡು, ಚಪಾತಿ ಮಡಿಸಿದ ಹಾಗೆ ಒಳಗೆ ಮಡಿಸಿಕೊಂಡಿದೆ. ಅಕ್ಷರ ಎಲ್ಲ ಅದರ ಕೆಳಗೆ ಹೋಗಿದೆ. ಪರೀಕ್ಷೆ ಶುಲ್ಕದಲ್ಲಿ ಇಂಥದ್ದು ಒಂದು ಬುಟ್ಟಿ ಬರುತ್ತೆ, ದುಡ್ಡು ಯಾಕೆ ಹಾಳು ಮಾಡ್ತೀಯ" ಅಂದು ಬಿಸ್ಕತ್ತಿಗೆ ಕೈ ಹಾಕಿದರು. ಅವರು ಹೇಳಿದ್ದು ತಪ್ಪಲ್ಲ. ಏಟು ತಿಂದ ನಾಣ್ಯಕ್ಕೆ ಅವರು ದರ್ಜೆ ಕೊಡುವುದಿಲ್ಲ. ಶುಲ್ಕ ಕಟ್ಟಿಯೇ ತೀರುತ್ತೇನೆ ಅನ್ನುವವರಿಗೆ "ಅಸಲಿ, ಹಾನಿಗೊಂಡಿದೆ" ಎಂದು ಬರೆದು, ಹಾನಿ ಎಂಥದ್ದು ಅಂತ ಒಂದು ಸಾಲು ಸೇರಿಸುತ್ತಾರೆ. ಕೌಂಟರಿನ ಹುಡುಗಿ ರಜೆ ಹಾಕಿದಾಗ ನಾನೇ ಅಲ್ಲಿ ಕೂರುತ್ತೇನಲ್ಲ, ಎಂಥೆಂಥವರು ಬರುತ್ತಾರೆ ಗೊತ್ತಾ. ಒಬ್ಬಾಕೆ ಒಂದು ಕಡೆ ಪೂರಾ ಸವೆದ ನಾಣ್ಯ ತಂದಿದ್ದರು; ಅವರ ಗಂಡ ನಲ್ಲಿ ರಿಪೇರಿಯವರು, ಇಡೀ ಜನ್ಮ ಅದರಿಂದಲೇ ಸ್ಕ್ರೂ ತಿರುಗಿಸಿದ್ದರಂತೆ. "ಇದರ ಬೆಲೆಗಿಂತ ಶುಲ್ಕವೇ ಜಾಸ್ತಿ ಆಗುತ್ತಮ್ಮ" ಅಂದೆ. "ಬೆಲೆ ಯಾರು ಕೇಳಿದ್ರು" ಅಂದರು. ಹೆಚ್ಚಿನವರು ಶುಲ್ಕ ಕೇಳಿ ನಕ್ಕು ವಾಪಸ್ ಹೋಗುತ್ತಾರೆ, ಹೋಗುವುದೇ ಜಾಣತನ, ನಾನೂ ಹಾಗೇ ಹೇಳಿ ಕಳಿಸುತ್ತೇನೆ. ಆಕೆ ಹೋಗಲಿಲ್ಲ. ಪರಿಚಯವಿಲ್ಲದ ಒಬ್ಬರು ದೀಪದ ಕೆಳಗೆ ಇಟ್ಟು ಸರಿಯಾಗಿ ನೋಡಬೇಕು, ನೋಡಿ ಇದಕ್ಕೆ ಏನಾಗಿದೆ ಅಂತ ಹೇಳಬೇಕು, ಅಷ್ಟೇ ಆಕೆಗೆ ಬೇಕಿದ್ದದ್ದು. ಆ ಡಬ್ಬಿಯನ್ನು ನಾನೇ ಮುಚ್ಚಿದೆ. ಆವತ್ತು ಲೇಬಲ್ಲಿನಲ್ಲಿ ಒಂದು ಅಕ್ಷರವೂ ಚೇಷ್ಟೆ ಮಾಡಲಿಲ್ಲ.

ನಿನಗೂ ಅಷ್ಟೇ ಬೇಕಿತ್ತು. ಅದು ನನಗೆ ಗೊತ್ತಿತ್ತು. ನಾಣ್ಯವನ್ನು ನನ್ನ ಅಂಗೈಯಲ್ಲಿಟ್ಟು ನೀನು ಹೇಳಿದ್ದು ನೆನಪಿದೆ: "ನಂಬರ್ ಗಿಂಬರ್ ಬೇಡಮ್ಮ. ಇದಕ್ಕೆ ಏನಾಗಿದೆ ಅಂತ ಬರೆದು ಕೊಟ್ರೆ ಸಾಕು." ಶುಲ್ಕ ನನ್ನ ಕೈಯಿಂದ ಕಟ್ಟಿ ಆ ಒಂದು ಸಾಲು ಬರೆಸಿಕೊಂಡು ಬಂದಿದ್ದರೆ ಮುಗಿದುಹೋಗುತ್ತಿತ್ತು. ಅದು ಬಿಟ್ಟು, ಬರೀ "ಹಾನಿಗೊಂಡಿದೆ" ಅಂತ ಬರೆಸಿಕೊಂಡು ಬಂದರೆ ನಿನ್ನ ಮುಖ ಸಣ್ಣದಾಗುತ್ತದೆ ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಸಂಘದವರು ನಿನ್ನ ಮೇಜನ್ನು ಆಸ್ಪತ್ರೆ ಅಂತ ಕರೆಯುವುದು, "ಏನು ಡಾಕ್ಟ್ರೇ, ಇವತ್ತು ಎಷ್ಟು ಪೇಷಂಟು" ಅಂತ ಕೇಳುವುದು, ನೀನೂ ಸೇರಿ ನಗುವುದು, ಇದೆಲ್ಲ ನನಗೆ ಒಳಗೊಳಗೇ ಉರಿಯುತ್ತಿತ್ತು. ಅವರ ಪೆಟ್ಟಿಗೆಯಲ್ಲಿರುವುದೆಲ್ಲ ಯಾರ ಕೈಯನ್ನೂ ಕಾಣದ, ಯಾವ ಜೇಬಿಗೂ ಇಳಿಯದ ನಾಣ್ಯಗಳು. ನಿನ್ನದು ಸೊಟ್ಟ, ಸೀಳು, ಬ್ಲೀಚಿನಲ್ಲಿ ಬಿದ್ದು ಬಿಳಿಚಿದ್ದು. ಒಂದು ಸಲ ನಿನಗೂ ಒಂದು ದೊಡ್ಡ ನಂಬರ್ ಇರಲಿ, ಒಂದು ಗಳಿಗೆ ನಕ್ಕು ಆಮೇಲೆ ಒಡೆದು ಹಾಕೋಣ ಅಂದುಕೊಂಡೆ. ದೇವರಾಣೆ ಅಷ್ಟೇ ಅಂದುಕೊಂಡದ್ದು.

ಕೊಟ್ಟ ದಿನ ನೆನಪು ಮಾಡಿಕೋ. ಯಂತ್ರ ಜೋರಾಗಿ ಓಡುತ್ತಿತ್ತು. ನಾನು ಸೋಪಿನ ಡ್ರಮ್ಮಿನ ಮೇಲೆ ಹತ್ತಿ, ಮೇಜುಹಾಸು ಹೊದ್ದು ನ್ಯಾಯಾಧೀಶರ ಗತ್ತಿನಲ್ಲಿ, "ಸೊನ್ನೆ ಸೊನ್ನೆ ಸೊನ್ನೆಯ ಸಂಸ್ಥಾನದಿಂದ ಹೊರಡಿಸಲಾದ ಆಜ್ಞೆ" ಅಂತೆಲ್ಲ ಓದಿದೆ. ಅದರಲ್ಲೇ ತಮಾಷೆಯೆಲ್ಲ ಇತ್ತು. ನಿನಗೆ ಒಂದಕ್ಷರವೂ ಕೇಳಿಸಲಿಲ್ಲ. ನಿನಗೆ ಕಂಡದ್ದು ಡಬ್ಬಿ ಮಾತ್ರ. ನೀನು ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡೆ, ಸಾಲದು ಅಂತ ಒಗೆದಿಟ್ಟ ಟವೆಲ್ಲಿಗೆ ಇನ್ನೊಂದು ಸಲ ಒರೆಸಿಕೊಂಡೆ, ಆಮೇಲೆ ತೆಗೆದುಕೊಂಡೆ. ಬೆಳಕಿಗೆ ಹಿಡಿದು ಓದಿದೆ. ನಗಲಿಲ್ಲ. "ಟಂಕಸಾಲೇಲೇ ಆಗಿದ್ದಾ? ಹಾಗಾದ್ರೆ ನಾನೇ ತಪ್ಪು ತಿಳ್ಕೊಂಡಿದ್ದೆ" ಅಂದೆ. ಚಿಕ್ಕಮ್ಮನನ್ನು ಕೂಗಿ ತೋರಿಸಿದೆ. ಅವಳು ಸೊನ್ನೆಗಳನ್ನು ನೋಡಿ ಇದೇನ್ರೀ ಅಂದದ್ದಕ್ಕೆ, "ಇಂಥದ್ದು ಇದೇ ಮೊದಲನೇದು ಅಂತ ಕಾಣುತ್ತೆ" ಅಂತ ನೀನೇ ಅರ್ಥ ಹೇಳಿದೆ. ನಾನು ಡ್ರಮ್ಮಿನ ಮೇಲೆಯೇ ನಿಂತಿದ್ದೆ. ಆಗ ಇಳಿದು ಬಂದು ಹೇಳಬೇಕಿತ್ತು. ಹೇಳಲಿಲ್ಲ, ಯಾಕೆಂದರೆ ನಿನ್ನ ಮುಖ ನೋಡಿ ನನಗೂ ಖುಷಿಯಾಯಿತು. ನಾಳೆ ಹೇಳಿದರಾಯಿತು ಅಂದುಕೊಂಡೆ. ಮಾರನೆಯ ದಿನ ನೀನು ಅದನ್ನು ಹಾಲಿನವನಿಗೆ ತೋರಿಸಿದ್ದೆ, ಅದರ ಮಾರನೆಯ ದಿನ ಬೆಲ್ಟ್ ರಿಪೇರಿಯವನಿಗೆ. ಆ ನಾಣ್ಯ ಸಿಕ್ಕಾಗ ಡ್ರೈಯರಿನ ಹೊಟ್ಟೆ ಬಿಚ್ಚಿದ್ದವನೇ ಆತ. ಡ್ರಮ್ಮಿಗೂ ಹೊರಗಿನ ಕವಚಕ್ಕೂ ನಡುವಿನ ಸಂದಿಯಿಂದ ಅದನ್ನು ಇಕ್ಕಳದಲ್ಲಿ ಎಳೆದು, ಇನ್ನೂ ಬಿಸಿಯಿದೆ ನೋಡಿ ಅಂತ ನಿನ್ನ ಕೈಗೆ ಹಾಕಿದವನೂ ಆತನೇ. ಅಂಥವನೂ ಲೇಬಲ್ ಓದಿ ತಲೆ ಕೆರೆದುಕೊಂಡು, "ಅಷ್ಟು ದೊಡ್ಡ ಆಫೀಸಿನವರು ಹೇಳ್ತಾರೆ ಅಂದ್ರೆ ಹಾಗೇ ಇರಬೇಕು ಬಿಡಿ" ಅಂದ. ಕಣ್ಣಾರೆ ಕಂಡ ಇಬ್ಬರು ಗಂಡಸರು ನನ್ನ ಒಂದು ಚೂರು ಕಾಗದದ ಮುಂದೆ ಸೋತು ನಿಂತದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ. ಆಗಲೂ ಹೇಳಲಿಲ್ಲ.

ಆ ನಾಣ್ಯದ ಕೆಳಗೆ ನೀನು ನಿನ್ನ ಕೈಬರಹದಲ್ಲಿ ಬರೆದಿಟ್ಟಿದ್ದ ಚೀಟಿ ಇತ್ತಲ್ಲ, "ನಮ್ಮ ದೊಡ್ಡ ಯಂತ್ರ ತಿಂದು ಉಗುಳಿದ್ದು" ಅಂತ. ಮೊನ್ನೆ ಅದು ಲಾಡ್ಜಿನ ಟವೆಲ್ ಕಟ್ಟಿಗೆ ಗುರುತಿನ ಚೀಟಿಯಾಗಿ ಹೋಗುವುದರಲ್ಲಿತ್ತು. ಹಿಂಬದಿಯಲ್ಲಿ ನೀನೇ "ಇಪ್ಪತ್ತು ಟವೆಲ್" ಅಂತ ಬರೆದಿದ್ದೆ. ಬಿಚ್ಚಿ ಇಟ್ಟುಕೊಂಡಿದ್ದೇನೆ.

ಇಷ್ಟಾಗಿಯೂ ನಾನು ಇದನ್ನು ಮನೆಯೊಳಗಿನ ಪಾಪ ಅಂತಲೇ ತಿಳಿದಿದ್ದೆ. ಭಾನುವಾರ ನೀನು ಮೇಜಿನ ಮೇಲೆ ಇಡುತ್ತೀಯ, ನಾಲ್ಕು ಜನ ನೋಡುತ್ತಾರೆ, ಯಾರೋ ತಿಳಿದವರು ಹುಬ್ಬೇರಿಸಿದರೆ ಆಗ ಒಪ್ಪಿಕೊಂಡರಾಯಿತು ಅಂತ. ನಿನ್ನೆ ಚಾದರ ಮಡಿಸುವಾಗ ಚಿಕ್ಕಮ್ಮ ಹೇಳಿದಳು. ಅವಳೊಂದು ತುದಿ, ನಾನೊಂದು ತುದಿ ಹಿಡಿದಿದ್ದೆವು. "ನಿಮ್ಮ ಚಿಕ್ಕಪ್ಪ ನಾಣ್ಯ ತೋರಿಸೋಕೆ ಅಂತ ಅಷ್ಟು ಬೇಗ ಹೋಗಿಲ್ಲ ಕಣೇ. ಎಲ್ಲರ ಮುಂದೆ ಅಂಚೆಯವರ ಹತ್ರ ತಪ್ಪಾಯ್ತು ಅಂತ ಕೇಳೋಕೆ ಹೋಗಿರೋದು. ಏನು ಹೇಳ್ಬೇಕು ಅಂತ ಮಗಳ ಹತ್ರ ಕೂತು ಕಲೀತಾರಂತೆ, ಜೋರಾಗಿ ಮಾತಾಡಿಬಿಡ್ತೀನಿ ಅಂತ ಭಯ." ನನ್ನ ಕೈಯಿಂದ ಚಾದರದ ತುದಿ ಜಾರಿತು. ಒಗೆದ ಚಾದರ ನೆಲಕ್ಕೆ ಬಿತ್ತು ಅಂತ ಅವಳು ಬೈದಳು. ಬೈಗುಳ ತಲೆಗೆ ಹೋಗಲೇ ಇಲ್ಲ.

ಹೋದ ವರ್ಷದ ಸಭೆ ನನಗೆ ಚೆನ್ನಾಗಿ ನೆನಪಿದೆ, ನಿನ್ನ ಹಿಂದಿನ ಕುರ್ಚಿಯಲ್ಲೇ ಇದ್ದೆ. ಅಂಚೆ ಕೆಲಸದಿಂದ ನಿವೃತ್ತರಾದ ನಮ್ಮ ಅಂಚೆ ತಾತ ಹೊಸದಾಗಿ ಕೊಂಡ ನಾಣ್ಯವನ್ನು ಎಲ್ಲರಿಗೂ ತೋರಿಸುತ್ತ ಬಂದರು. ಟಂಕಸಾಲೆಯ ತಪ್ಪು, ಬಲು ಅಪರೂಪ ಅಂತ ವ್ಯಾಪಾರಿ ಹೇಳಿ ಕೊಟ್ಟಿದ್ದನಂತೆ. ನೀನು ಅಂಚಿನ ಮೇಲೆ ಬೆರಳಾಡಿಸಿದವನೇ, "ಇದು ಟಂಕಸಾಲೆ ತಪ್ಪಲ್ಲ ಅಂಚೆಯವರೇ, ಬಟ್ಟೆ ಯಂತ್ರದ ತಪ್ಪು. ನಮ್ಮಲ್ಲೂ ಒಂದಿದೆ, ಬೇಕಾದ್ರೆ ಪುಕ್ಕಟೆ ಕೊಡ್ತೀನಿ" ಅಂದೆ. ಪಾಪ, ಸ್ನೇಹದಲ್ಲೇ ಅಂದದ್ದು. ಆದರೆ ನಿನ್ನ ಪಿಸುಮಾತು ಬೇರೆಯವರ ಕೂಗಿಗೆ ಸಮ. ಇಡೀ ಸಭಾಂಗಣ ನಕ್ಕಿತು. ತಾತ ನಾಣ್ಯವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಎದ್ದು ಹೋದವರು ಆಮೇಲೆ ಸಂಘಕ್ಕೂ ಬರಲಿಲ್ಲ, ಲಾಂಡ್ರಿಗೂ ಬರಲಿಲ್ಲ. ಜೋರಾಗಿ ಹೇಳಬಾರದಿತ್ತು ಅಂತ ನೀನು ಎಷ್ಟೋ ಸಲ ಒದ್ದಾಡಿದ್ದೀಯ. ಹೇಳಿದ್ದು ಸುಳ್ಳು ಅಂತ ಮಾತ್ರ ಒಂದು ದಿನವೂ ಅನ್ನಿಸಿರಲಿಲ್ಲ ನಿನಗೆ. ಈಗ ನನ್ನ ಅರವತ್ತಾರು ಅದನ್ನೂ ಸುಳ್ಳು ಮಾಡಿದೆ. ನಮ್ಮದು ಟಂಕಸಾಲೆಯದಾದರೆ ಅವರದೂ ಟಂಕಸಾಲೆಯದೇ ಅಂತ ನೀನು ಲೆಕ್ಕ ಹಾಕಿದ್ದೀಯ. ನಿಜ ಹೇಳಿದ ಮನುಷ್ಯ, ನಿಜ ಹೇಳಿದ್ದಕ್ಕೆ, ನನ್ನಿಂದಾಗಿ ತಲೆ ತಗ್ಗಿಸಬೇಕು. ಆ ವಯಸ್ಸಾದವರು ಸುಳ್ಳಿನ ಮೇಲೆ ತಲೆ ಎತ್ತಬೇಕು, ಎತ್ತಿದ ಮೇಲೆ ಯಾರೋ ತಿಳಿದವರು ಬಂದು ಎರಡನೆಯ ಸಲ ತಗ್ಗಿಸಬೇಕು. ನನ್ನ ಜೀವಮಾನದಲ್ಲಿ ಇಷ್ಟು ದೂರ ಹೋದ ಚೇಷ್ಟೆ ಇನ್ನೊಂದಿಲ್ಲ.

ಇವತ್ತು ಬೆಳಿಗ್ಗೆ ಆಫೀಸಿಗೆ ಹೋದವಳೇ ಭೂತಗನ್ನಡಿ ಸಾರ್ ಮುಂದೆ ನಿಂತು ಎಲ್ಲ ಹೇಳಿದೆ. ಕೂಗಾಡುತ್ತಾರೆ ಅಂದುಕೊಂಡಿದ್ದೆ, ಕೂಗಾಡಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕವಿಲ್ಲದ ಅವರ ಮುಖವನ್ನು ನಾನು ನೋಡಿದ್ದು ಇದೇ ಮೊದಲು, ತೀರ ಸಾಮಾನ್ಯ ಮುಖ. "ಡಬ್ಬಿ ಈಗ ಎಲ್ಲಿದೆ?" ಅಂದರು. ಚಿಕ್ಕಪ್ಪನ ಹತ್ತಿರ ಇದೆ, ಭಾನುವಾರ ಸಭೆಯಲ್ಲಿ ಇಡುತ್ತಾರೆ ಅಂದೆ. "ಇಲ್ಲಿಂದ ಹೊರಗೆ ಹೋದ ಡಬ್ಬೀನ ಯಾರೂ ಎರಡನೇ ಸಲ ನೋಡಲ್ಲ. ಕಣ್ಣು ಮುಚ್ಚಿ ನಂಬ್ತಾರೆ. ನಾವು ಮಾರೋದು ಅದೊಂದೇ, ಪ್ಲಾಸ್ಟಿಕ್ ಅಲ್ಲ" ಅಂದರು. ಕೈ ಚಾಚಿದರು, ಲೇಬಲ್ ಯಂತ್ರದ ಬೀಗದಕೈ ಕೊಟ್ಟೆ. ಡಬ್ಬಿ ವಾಪಸ್ ಬಂದ ಮೇಲೆ ನನ್ನ ವಿಷಯ ನೋಡುತ್ತಾರಂತೆ. ನೋಡಲಿ. ಹೊರಡುವಾಗ, ಆ ನಾಣ್ಯಕ್ಕೆ ಸರಿಯಾದ ಪರೀಕ್ಷೆ ಮಾಡುತ್ತೀರಾ ಅಂತ ಕೇಳಿಬಿಟ್ಟೆ, ನಾಚಿಕೆಯಿಲ್ಲದೆ. "ಲಾಭ ಇಲ್ಲ ಅಂತ ಅವತ್ತೇ ಹೇಳಿದ್ದೀನಿ. ಶುಲ್ಕ ಕಟ್ಟಿದ್ರೆ ಯಾವ ನಾಣ್ಯ ಆದ್ರೂ ನೋಡ್ತೀನಿ, ಅದು ನನ್ನ ಕೆಲಸ" ಅಂದರು. ಕೌಂಟರಿನಲ್ಲಿ ಎಲ್ಲರ ಹಾಗೆ ಸಾಲಿನಲ್ಲಿ ನಿಂತು ನಿನ್ನ ಹೆಸರಿನಲ್ಲಿ ಕಟ್ಟಿ ಬಂದಿದ್ದೇನೆ. ಅವರು ಕೊಡುವ ಲೇಬಲ್ಲಿನಲ್ಲಿ ದರ್ಜೆ ಇರುವುದಿಲ್ಲ. ಅಸಲಿ, ಹಾನಿ, ಬಟ್ಟೆ ಒಣಗಿಸುವ ಯಂತ್ರದಿಂದ, ಇಷ್ಟೇ ಇರುತ್ತದೆ. ಬೇಕೋ ಬೇಡವೋ ನೀನು ಹೇಳು. ಈ ಸಲ ನಿನ್ನ ಪರವಾಗಿ ನಾನು ತೀರ್ಮಾನ ಮಾಡುವುದಿಲ್ಲ.

ಇನ್ನೊಂದಿದೆ. ಸಂಜೆ ನಾನು ಮನೆಗೆ ಬರುವ ಹೊತ್ತಿಗೆ ಅಂಚೆ ತಾತ ನಮ್ಮ ಕೌಂಟರಿನ ಮುಂದೆ ನಿಂತೇ ಇದ್ದರು, ಹಳೆಯ ಕಪ್ಪು ಕೋಟು ತೋಳಿನ ಮೇಲೆ. ವರ್ಷದ ಮೇಲೆ ಮೊದಲ ಸಲ. ಚಿಕ್ಕಮ್ಮ ಕುರ್ಚಿ ಕೊಟ್ಟರೂ ಕೂತಿರಲಿಲ್ಲ. "ನಿಮ್ಮ ಚಿಕ್ಕಪ್ಪ ಮನೇಗೇ ಬಂದು ಕರೆದ. ಭಾನುವಾರ ತಪ್ಪದೆ ಬನ್ನಿ, ಒಂದು ಮಾತಿದೆ ಅಂದ. ಕೋಟು ಸ್ವಲ್ಪ ಚೆನ್ನಾಗಿ ಮಾಡಿಕೊಡಮ್ಮ" ಅಂದರು. ಅವರು ಹೋದ ಮೇಲೆ ಕೋಟನ್ನು ಮೇಜಿನ ಮೇಲೆ ಹಾಸಿ, ನೀನು ಕಲಿಸಿದಂತೆ ಮೊದಲು ಜೇಬು ತಡಕಿದೆ. ಕರವಸ್ತ್ರದ ಗಂಟು ಸಿಕ್ಕಿತು. ಬಿಚ್ಚಿ ನೋಡಬಾರದಿತ್ತು, ನೋಡಿದೆ. ನಮ್ಮದರ ತಮ್ಮನ ಹಾಗಿದೆ ಚಿಕ್ಕಪ್ಪಾ. ಅದೇ ಮಡಿಸಿಕೊಂಡ ಅಂಚು, ಅದೇ ಉಜ್ಜಿದ ಹೊಳಪು, ಒಂದು ಬದಿಯಲ್ಲಿ ಅಕ್ಷರದ ಬಾಲ ಮಾತ್ರ ಇಣುಕುತ್ತಿದೆ. ಇದ್ದ ಹಾಗೆಯೇ ಗಂಟು ಹಾಕಿ ಇಟ್ಟು, ಕೋಟಿಗೆ ಎರಡು ಸಲ ಇಸ್ತ್ರಿ ಹಾಕಿದೆ. ಆಮೇಲೆ ಈ ಕಾಗದ ತೆಗೆದುಕೊಂಡು ಕೂತೆ.

ಒಂದು ಮಾತು ಬಿಡಿಸಿ ಹೇಳಬೇಕು. ಅವತ್ತು ಅಷ್ಟು ಜೋರಾಗಿ ಹೇಳಿದ್ದಕ್ಕೆ ತಾತನ ಹತ್ತಿರ ಏನಾದರೂ ಹೇಳಬೇಕು ಅನ್ನಿಸಿದರೆ, ಅದು ನಿನ್ನದು, ಅವರ ಮನೆಗೆ ಹೋಗಿ ಹೇಳು. ನಾಣ್ಯದ ವಿಷಯದಲ್ಲಿ ನೀನು ಯಾರಿಗೂ ಏನೂ ಬಾಕಿಯಿಲ್ಲ. ಡಬ್ಬಿಯನ್ನು ಮೇಜಿನ ಮೇಲೆ ಇಡಬೇಡ. ಒಡೆಯುವುದಾದರೆ ಮೂಲೆಗೆ ಇಕ್ಕಳ ಹಾಕಿ ಒತ್ತು, ಸುತ್ತಿಗೆ ಬೇಡ, ಆ ನಾಣ್ಯಕ್ಕೆ ಆಗಿರುವ ಹಾನಿಯೇ ಸಾಕು. ಒಡೆದ ಚೂರನ್ನೂ ಲೇಬಲ್ಲನ್ನೂ ಮಾತ್ರ ಬಿಸಾಡಬೇಡ, ಸಾರ್ ಎಣಿಸಿಕೊಳ್ಳುತ್ತಾರೆ.

ನನ್ನ ಮೇಲೆ ಸಿಟ್ಟು ಬಂದರೆ ಮಾಡಿಕೋ, ಆದರೆ ಊಟ ಬಿಡಬೇಡ, ಅಕ್ಕ ಸಂಕಟಪಡುತ್ತಾಳೆ. ಔಷಧಿಯನ್ನು ಎರಡೂ ಕಿವಿಗೆ ಹಾಕಿಕೋ. ಚಿಕ್ಕಮ್ಮನಿಗೆ ಇನ್ನೂ ಹೇಳಿಲ್ಲ, ಮೊದಲು ನಿನಗೆ ಅಂತ. ಅಕ್ಕ ಭಾವನಿಗೆ ನನ್ನ ನಮಸ್ಕಾರ ಹೇಳು, ಮಗುವಿನ ಅಂಗಾಲಿಗೆ ನನ್ನ ಲೆಕ್ಕದಲ್ಲಿ ಒಂದು ಮುತ್ತು. ನಿನ್ನ ಕಾಲಿಗೆ ಬಿದ್ದೆ ಅಂತ ಬರೆದರೆ ಇದೂ ನಾಟಕ ಅಂದುಕೊಳ್ಳುತ್ತೀಯ, ಅದಕ್ಕೆ ಬರೆಯುತ್ತಿಲ್ಲ.

ನಿನ್ನ,
ಕಪಿ

ವಿ.ಸೂ.: ಶನಿವಾರ ಬೆಳಿಗ್ಗೆ. ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಚಿಕ್ಕಮ್ಮ ಗಂಟು ಹಿಡಿದು ನಿಂತಿದ್ದಾಳೆ, ಇಷ್ಟುದ್ದ ಬರೆದೂ ಹೇಳಬೇಕಾದ್ದನ್ನೇ ಬಿಟ್ಟಿದ್ದೇನೆ. ಭಾನುವಾರ ನೀನು ಎದ್ದು ನಿಲ್ಲಬೇಡ. ಅವತ್ತಿನ ಮೊದಲ ಬಸ್ಸಿಗೆ ನಾನು ಬರುತ್ತಿದ್ದೇನೆ. ಅಂಚೆ ತಾತನೂ ಅದೇ ಬಸ್ಸಿಗಂತೆ, ಪಕ್ಕದಲ್ಲೇ ಕೂತು ಅವರಿಗೆ ದಾರಿಯಲ್ಲೇ ಹೇಳಿಬಿಡುತ್ತೇನೆ, ಸಭೆಯಲ್ಲಿ ಹಠಾತ್ತನೆ ಕೇಳುವಂತಾಗಬಾರದು. ನಿನ್ನ ಸರದಿ ಬಂದಾಗ ನೀನು ಕೂತೇ ಇರು, ನಾನು ಎದ್ದು ಎಲ್ಲರ ಮುಂದೆ ಹೇಳುತ್ತೇನೆ. ಅಲ್ಲಿರುವವರಿಗೆಲ್ಲ ನಾನು ಎಂಥವಳು ಅಂತ ಗೊತ್ತು. ಬಾಯಿ ತೆರೆದ ಕೂಡಲೇ ಇದೂ ಒಂದು ತಮಾಷೆ ಅಂತ ನಗುತ್ತಾರೆ, ಮುಗಿಯುವವರೆಗೂ ನಗಬಹುದು. ಪರವಾಗಿಲ್ಲ, ನಾನು ನಿಲ್ಲಿಸುವುದಿಲ್ಲ. ಆದರೆ ನಿನಗೆ ಮಾತು ಕೇಳಿಸದಿದ್ದಾಗ ಸುತ್ತಲಿನವರ ಮುಖ ನೋಡಿ ನೀನೂ ನಗುತ್ತೀಯ, ನನಗೆ ಗೊತ್ತು. ಆವತ್ತು ಮಾತ್ರ ನಗಬೇಡ ಚಿಕ್ಕಪ್ಪಾ.